ನೀರುಗಂಟಿಯ ಸಹಿ

ಅತ್ತಿಪಾಳ್ಯ, ಯಲಹಂಕ
16 ಜೂನ್ 2025

ನೀರುಗಂಟಿ ವೆಂಕಟೇಶಪ್ಪನವರಿಗೆ ದಾಕ್ಷಾಯಣಿಯ ನಮಸ್ಕಾರಗಳು.

ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ನೋಡಿಲ್ಲ. ನಾನು ನಿಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಟೀಚರು, ಬಂದು ಮೂರು ವರ್ಷವಾಯಿತು. ಕಾಲುವೆ ಕಾಯುವುದು, ಕೆರೆಗೆ ನೀರು ತರುವುದು, ತೂಬು ಎತ್ತಿ ಗದ್ದೆಗಳಿಗೆ ಹಂಚುವುದು ಮೂವತ್ತು ವರ್ಷ ನಿಮ್ಮ ಕೆಲಸವಾಗಿತ್ತಂತೆ. ಈಗ ಗೌರಿಬಿದನೂರಿನಲ್ಲಿ ಮಗಳ ಜೊತೆ ಇದ್ದೀರೆಂದು ತಿಳಿದು ಫೋನ್ ಮಾಡಿದೆ. ಮುನಿಯಲ್ಲಮ್ಮನವರು, "ಅಪ್ಪಂಗೆ ಕಿವಿ ಪೂರ್ತಿ ಹೋಗಿದೆ ಮೇಡಂ. ಕಾಗದ ಬರೀರಿ, ಎರಡೆರಡು ಸಲ ಓದ್ತಾರೆ" ಎಂದರು. ಅದಕ್ಕೇ ಈ ಕಾಗದ. ನಾನು ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟರ ಮಗಳು, ಪರದೆಯ ಹಿಂದೆ ಮಲಗಿ ಬೆಳೆದವಳು. ದನಿ ಕಾಗದದಲ್ಲೂ ಜೋರಾಗಿ ಬಂದರೆ ಮನ್ನಿಸಿ.

ಶಾಲೆ ತೆರೆದ ಮೊದಲ ವಾರವೇ ಮಳೆ ಬಂತು. ಒಂಬತ್ತನೇ ತರಗತಿಯಲ್ಲಿ ನಾನು ಹಲಗೆಯ ಮೇಲೆ ಹಿಮನದಿ ಕರಗುವ ಚಿತ್ರ ಬರೆಯುತ್ತಿದ್ದೆ. ತಿರುಗಿ ನೋಡಿದರೆ ಮೂವತ್ತೆಂಟು ಮಕ್ಕಳು ಬೆಂಚಿನ ಮೇಲೆ ಕಾಲೆತ್ತಿ ಕೂತಿದ್ದಾರೆ. ಕೆಳಗೆ ಪಾದ ಮುಳುಗುವಷ್ಟು ನೀರು, ಮಳೆಯದೂ ಹೌದು, ಮೇಲಿನ ಅಪಾರ್ಟ್‌ಮೆಂಟುಗಳ ಕೊಳಚೆಯೂ ಹೌದು. ಯಾರದೋ ಊಟದ ಡಬ್ಬಿಯ ಮುಚ್ಚಳ ದೋಣಿಯಂತೆ ನನ್ನ ಮೇಜಿನತ್ತ ಬರುತ್ತಿತ್ತು. ಕಾಲ ಕೆಳಗಿನ ನೀರನ್ನು ಬಿಟ್ಟು ಕಾಣದ ಹಿಮಾಲಯಕ್ಕೆ ಅಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಹಲಗೆ ಒರೆಸಿದೆ. "ಈ ನೀರು ಎಲ್ಲಿಂದ ಬಂತು?" ಎಂದು ಬರೆದೆ. ಈ ವರ್ಷದ ಪಾಠ ಇದೇ ಎಂದೆ.

ಮಕ್ಕಳು ಊರೆಲ್ಲ ಸುತ್ತಿದರು. ಇಪ್ಪತ್ತೆರಡು ಜನ ಹಿರಿಯರನ್ನು ಮಾತನಾಡಿಸಿದರು. ದಿಣ್ಣೆಯಿಂದ ಕೆರೆಗೆ ಬರುತ್ತಿದ್ದ ಕಾಲುವೆ ಎಲ್ಲಿತ್ತು? ಇಪ್ಪತ್ತೆರಡು ಬಾಯಿ, ಒಂದೇ ಮಾತು: ಮುನೇಶ್ವರನ ಗುಡಿಯ ಪಕ್ಕ. ಮುನಿಕೆಂಪಮ್ಮನವರಂತೂ, "ಎಂಕಟೇಶಪ್ಪ ಮುಂದೆ ನಡೀತಿದ್ದ, ನಾವು ಇಂದೆ ಗುದ್ದಲಿ ಇಡ್ಕಂಡು ಓಗ್ತಿದ್ವಿ. ಅವನು ನಡೆದಿದ್ದೇ ಕಾಲ್ವೆ ಕಣಮ್ಮ" ಎಂದು ಬರೆಸಿದ್ದಾರೆ. ಆ ಜಾಗದಲ್ಲಿ ಈಗ ನಾಗಭೂಷಣರ ಲೇಔಟು. ಕಾಲುವೆ ಮುಚ್ಚಿ ಸೈಟು ಮಾಡಿದ್ದಾರೆ, ದಾರಿ ಕಾಣದ ನೀರು ಶಾಲೆಗೆ ನುಗ್ಗುತ್ತಿದೆ. ಕಚೇರಿಯಲ್ಲಿ ಕೊಟ್ಟ ಗ್ರಾಮ ನಕ್ಷೆಯ ಪ್ರತಿ ಸರಿಯಾಗಿ ಆ ಮಡಿಕೆಯಲ್ಲೇ ಮಸುಕು. ಆದ್ದರಿಂದ ಮಕ್ಕಳೇ ನಕ್ಷೆ ಬರೆದಿದ್ದಾರೆ.

ಇನ್ನೊಂದು ವರ್ಷ ನೀರು ನುಗ್ಗಿದರೆ ಶಾಲೆಯನ್ನು ಯಲಹಂಕಕ್ಕೆ ಸೇರಿಸುತ್ತೇವೆ ಎಂದು ಇಲಾಖೆಯವರು ಹೇಳಿ ಹೋಗಿದ್ದಾರೆ. ಹೆದ್ದಾರಿ ದಾಟಿ ಅರ್ಧದಷ್ಟು ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ, ಅದು ನಿಮಗೂ ಗೊತ್ತು. ಆ ಕಾಲುವೆ ಬಿಡಿಸಲೇಬೇಕು. ಅರ್ಜಿ ಸಿದ್ಧವಿದೆ. ನಕ್ಷೆಯ ಕೆಳಗೆ ನೀರುಗಂಟಿಯ ಸಹಿ ಒಂದು ಬಿದ್ದರೆ ಯಾವ ಕಚೇರಿಯೂ ಅಲ್ಲಗಳೆಯಲಾರದು. ನಕ್ಷೆಯ ಜೊತೆ ಸ್ಟಾಂಪು ಹಚ್ಚಿದ ಲಕೋಟೆಯನ್ನೂ ಇಟ್ಟಿದ್ದೇನೆ.

ನಿಮ್ಮ
ದಾಕ್ಷಾಯಣಿ


ಗೌರಿಬಿದನೂರು
2 ಜುಲೈ 2025

ದಾಕ್ಷಾಯಣಿ ಮೇಡಂ ಅವರಿಗೆ ವೆಂಕಟೇಶಪ್ಪ ಮಾಡುವ ನಮಸ್ಕಾರ.

ಕಾಗದ ತಲುಪಿತು. ಎರಡಲ್ಲ, ನಾಲ್ಕು ಸಲ ಓದಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪು ಕಂಡರೆ ತಿದ್ದಿಕೊಳ್ಳಿ.

ನಕ್ಷೆ ಚೆನ್ನಾಗಿದೆ. ಕೆರೆಗೆ ನೀಲಿ ಬಳಿದಿದ್ದಾರೆ. ನಮ್ಮ ಕೆರೆ ಯಾವತ್ತೂ ನೀಲಿ ಇರಲಿಲ್ಲ, ಟೀ ಬಣ್ಣ. ಹೊಸ ನೀರು ಬಂದಾಗ ಇನ್ನೂ ಕೆಂಪು. ಮಕ್ಕಳಿಗೆ ಹೇಳಿ.

ಮುನಿಕೆಂಪಮ್ಮ ಹೇಳಿದ್ದು ನಿಜ. ಯುಗಾದಿ ಆದ ಮೊದಲ ಸೋಮವಾರ ಕಾಲುವೆ ಕೆಲಸ. ಮನೆಗೊಂದಾಳು, ಗುದ್ದಲಿ, ಮಂಕರಿ. ನೀರುಗಂಟಿ ಬರಿಗಾಲಲ್ಲಿ ಮುಂದೆ ನಡೆಯಬೇಕು. ಅವನನ್ನು ದಾಟಿ ಗೌಡನೂ ಹೆಜ್ಜೆ ಇಡುವ ಹಾಗಿಲ್ಲ. ಅವನು ಕಾಲಿಟ್ಟ ಕಡೆ ಊರು ಗುದ್ದಲಿ ಹಾಕುತ್ತದೆ. ಆಳು ಕಳಿಸದ ಮನೆಯವರು ಎಲ್ಲರಿಗೂ ಮುದ್ದೆ ಊಟ ಹಾಕಬೇಕು. ಜಿಪುಣರು ಬೆಳಿಗ್ಗೆ ಮೊದಲೇ ಬಂದು ನಿಂತಿರುತ್ತಿದ್ದರು.

ಸಹಿ ವಿಚಾರ ಆಮೇಲೆ ನೋಡೋಣ. ಕಣ್ಣು ಮಂಜು, ಡಾಕ್ಟರು ಪೊರೆ ಎನ್ನುತ್ತಾರೆ. ಒಂದು ಮಾತು ಕೇಳಬೇಕಿತ್ತು. ಒಂಬತ್ತನೇ ತರಗತಿಯಲ್ಲಿ ನೀರು ಮೊದಲು ಕಾಣುವುದು ಯಾವ ಮೂಲೆಯಲ್ಲಿ?

ಇಂತಿ
ವೆಂಕಟೇಶಪ್ಪ


ಅತ್ತಿಪಾಳ್ಯ
21 ಜುಲೈ 2025

ವೆಂಕಟೇಶಪ್ಪನವರೇ,

ನಾನು ಸಹಿ ಕೇಳಿದೆ, ನೀವು ಮೂಲೆ ಕೇಳಿದಿರಿ. ಆಗಲಿ. ಇಲ್ಲಿ ರಂಗ ಬಿಸಿಯಾಗಿದೆ, ಅದನ್ನು ಕೇಳಿ.

ನಿಮ್ಮ ಸಹಿಗೆ ಕಾಯದೆ ನಾವು ಅರ್ಜಿ ಕೊಟ್ಟ ನಾಲ್ಕನೇ ದಿನ ನಾಗಭೂಷಣ ಶಾಲೆಗೆ ಬಂದರು. ಬಿಳಿ ಕಾರು, ಬಿಳಿ ಅಂಗಿ, ಬಿಳಿ ಚಪ್ಪಲಿ. "ಮೇಡಮ್ನೋರೇ, ನಮ್ಮಪ್ಪ ಚಿಕ್ಕಹನುಮಯ್ಯ ತಂದ ಸ್ಕೂಲಲ್ಲಿ ಕೂತ್ಕೊಂಡು ನಮ್ಮ ಮೇಲೇ ಪಾಠ ಮಾಡ್ತೀರಲ್ಲ, ಚೆನ್ನಾಗಿದೆ" ಎಂದರು. ನಾನು ಪಾಠ ನೀರಿನ ಮೇಲೆ ಎಂದೆ. "ಅಲ್ಲೊಂದು ಒಣ ಚರಂಡಿ ಇತ್ತು ಕಣ್ರೀ. ನಾನು ಹುಟ್ಟಿದಾಗಿಂದ ಅದ್ರಲ್ಲಿ ನೀರು ಹರಿದಿದ್ದು ನೋಡಿಲ್ಲ. ಮೇಕೆ ಮಲಗ್ತಿದ್ವು. ಮೇಕೆ ಮಲಗೋ ಜಾಗ ಕಾಲುವೇನಾ?" ಎಂದರು. ಅಪರಾಧಿಗಳೆಲ್ಲ ಮೊದಲ ಅಂಕದಲ್ಲಿ ಹೀಗೇ ನಗುತ್ತಾರೆ.

ಅವರು ಹೋದ ಮೇಲೆ ಹೆಡ್‌ಮಾಸ್ಟರ್ ನಿರಂಜನ್ ಸರ್ ನನ್ನನ್ನು ಕರೆದರು. "ಸಿಲಬಸ್‌ನಲ್ಲಿ ಹಿಮಾಲಯ ಇದೆ ಮೇಡಂ. ಹಿಮಾಲಯ ಮಾಡಿ. ಹಿಮಾಲಯದೋರು ಯಾರೂ ಕಾರಲ್ಲಿ ಬಂದು ಗಲಾಟೆ ಮಾಡಲ್ಲ." ಕೊಠಡಿಯಲ್ಲಿ ನೀರು ನಿಂತಿದೆ ಸರ್ ಎಂದರೆ, "ಬೆಂಚು ಎತ್ತರ ಮಾಡಿಸೋಣ" ಎನ್ನುತ್ತಾರೆ. ಇಂಥವರಿಗೆ ಏನು ಹೇಳಲಿ, ಯಾವ ರಾಗದಲ್ಲಿ ಹೇಳಲಿ?

ಇದು ಸಾಲದೆಂದು ಒಳಗಿನಿಂದಲೇ ಒಂದು ಕಿರಿಕಿರಿ. ತೇಜಸ್ವಿನಿ ಎಂಬ ಹುಡುಗಿ, ನಕ್ಷೆ ಬರೆದವರಲ್ಲಿ ಎಲ್ಲರಿಗಿಂತ ಚುರುಕು. ಮೊನ್ನೆ ಮಳೆಯಲ್ಲಿ ನೆಲಕ್ಕೆ ಬಗ್ಗಿ ಕೂತಿದ್ದವಳು ಎದ್ದು, "ಮಿಸ್, ನೀರು ಲೇಔಟ್ ಕಡೆಯಿಂದ ಬರ್ತಿಲ್ಲ. ನೆಲದಿಂದ ಮೇಲಕ್ ಬರ್ತಿದೆ. ಹಲಗೆ ಮೂಲೇಲಿ ಗುಳ್ಳೆ ಏಳ್ತಿದೆ ನೋಡಿ" ಎಂದಳು. ಅರ್ಜಿ ಹೋಗಿದೆ, ಎದುರಾಳಿ ಬಾಗಿಲಲ್ಲಿದ್ದಾನೆ, ಇವಳು ಗುಳ್ಳೆ ಎಣಿಸುತ್ತಾಳೆ. "ಇಪ್ಪತ್ತೆರಡು ಜನ ದೊಡ್ಡವರು ಹೇಳಿದ್ದು ಸುಳ್ಳು, ನೀನು ಹೇಳೋದು ನಿಜಾನಾ? ನಕ್ಷೆಯಲ್ಲಿ ಇದ್ದ ಹಾಗೆ ಬರಿ" ಎಂದು ಗದರಿದೆ. ಆದರೂ ತನ್ನ ಪುಸ್ತಕದಲ್ಲಿ ಗುಳ್ಳೆ ಎಂದೇ ಬರೆದಳು. ನಕ್ಷೆಯ ಗುಂಪಿನಿಂದ ತೆಗೆದಿದ್ದೇನೆ. ನೀವು ಕೇಳಿದ ಮೂಲೆಗೆ ಉತ್ತರವೂ ಸಿಕ್ಕಿತಲ್ಲ.

ಈಗ ಸಹಿ ಕಳಿಸಿ. ಕಣ್ಣು ಮಂಜಾದರೆ ಹೆಬ್ಬೆಟ್ಟೂ ನಡೆಯುತ್ತದೆ.

ದಾಕ್ಷಾಯಣಿ


ಗೌರಿಬಿದನೂರು
6 ಆಗಸ್ಟ್ 2025

ಮೇಡಂ ಅವರಿಗೆ,

ನಕ್ಷೆ ವಾಪಸು ಕಳಿಸಿದ್ದೇನೆ. ಸಹಿ ಹಾಕಲು ಆಗುವುದಿಲ್ಲ.

ಆ ಹುಡುಗಿಗೆ ಬೈಯಬೇಡಿ.

ವೆಂಕಟೇಶಪ್ಪ


ಅತ್ತಿಪಾಳ್ಯ
17 ಆಗಸ್ಟ್ 2025

ವೆಂಕಟೇಶಪ್ಪನವರಿಗೆ,

ಎರಡು ಸಾಲು. ಮೂರು ಪುಟಕ್ಕೆ ಎರಡು ಸಾಲು. ಸಹಿಯಿಲ್ಲದ ನಕ್ಷೆಯನ್ನು ತರಗತಿಗೆ ತೆಗೆದುಕೊಂಡು ಹೋದೆ. ಮಕ್ಕಳು ಹಿಂದೆ ಮುಂದೆ ತಿರುಗಿಸಿ ಸಹಿ ಹುಡುಕಿದರು. "ತಾತಂಗೆ ಪೆನ್ ಸಿಕ್ಲಿಲ್ವೇನೋ ಮಿಸ್" ಎಂದ ಒಬ್ಬ. ನಾನು ನಗಲಿಲ್ಲ.

ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿರಾ? ಚಿಕ್ಕಹನುಮಯ್ಯನವರ ಮನೆಯ ಕಣದಲ್ಲಿ ವರ್ಷಕ್ಕಿಷ್ಟು ರಾಗಿ ನಿಮಗೆ ಬರುತ್ತಿತ್ತಂತೆ. ಆ ಮನೆಯ ಋಣ ಇನ್ನೂ ನಿಮ್ಮ ನಾಲಗೆಯ ಮೇಲೆ ಕೂತಿದೆ. ಗೌಡರ ಮಗ ತಪ್ಪು ಮಾಡಿದರೆ ನೀರುಗಂಟಿಯ ಕಣ್ಣಿಗೆ ಪೊರೆ ಬರುತ್ತದೆ.

ಸ್ವಾತಂತ್ರ್ಯದ ದಿನ ನಾವು ನಾಟಕ ಆಡಿದೆವು. ನಾನೇ ಬರೆದದ್ದು. ಹೊಟ್ಟೆಗೆ ದಿಂಬು ಕಟ್ಟಿಕೊಂಡ ದೊರೆಯೊಬ್ಬ ಕಾಲುವೆಯನ್ನು ನುಂಗುತ್ತಾನೆ. ಕಾಲುವೆಗೆ ನನ್ನದೇ ನೀಲಿ ಸೀರೆ, ಹನ್ನೆರಡು ಮಕ್ಕಳು ಹಿಡಿದು ಅಲೆ ಎಬ್ಬಿಸಿದರು. ದೊರೆಗೆ ಬಿಳಿ ಅಂಗಿ, ಬಿಳಿ ಚಪ್ಪಲಿ. ನಾಗಭೂಷಣ ಮುಂದಿನ ಸಾಲಿನಲ್ಲಿ ಕೂತಿದ್ದರು, ಅಂದಿನ ಲಾಡು ಅವರದೇ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಅವರು ನಡುವೆಯೇ ಎದ್ದು ಹೋದರು. ಅವರ ಮಗಳು ಮೋನಿಕಾ, ನಮ್ಮಲ್ಲೇ ಎಂಟನೇ ತರಗತಿ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅದೊಂದು ನೋಡಲಾಗಲಿಲ್ಲ. ಆದರೆ ಸತ್ಯ ಹೇಳುವಾಗ ಯಾರಿಗಾದರೂ ನೋವಾಗುತ್ತದೆ.

ಸೆಪ್ಟೆಂಬರ್ 12, ಶುಕ್ರವಾರ ಸರ್ವೆಯವರು ಮೂಲ ನಕ್ಷೆ ಹಿಡಿದು ಅಳೆಯಲು ಬರುತ್ತಾರೆ. ನಿಮ್ಮ ಸಹಿ ಇಲ್ಲದೆಯೇ ಗೆಲ್ಲುತ್ತೇವೆ. ಮಕ್ಕಳಿಗೆ ಮಾತ್ರ ಏನು ಹೇಳಲಿ ಎಂದು ತಿಳಿಯುತ್ತಿಲ್ಲ. ಕೆರೆ ಕಾಯುತ್ತಿದ್ದವರು ಇವರು ಎಂದು ನಿಮ್ಮ ಹೆಸರನ್ನು ಗೋಡೆಯ ಮೇಲೆ ಬರೆದಿದ್ದಾರೆ.

ದಾಕ್ಷಾಯಣಿ


ಗೌರಿಬಿದನೂರು
29 ಆಗಸ್ಟ್ 2025

ದಾಕ್ಷಾಯಣಿ ಮೇಡಂ ಅವರಿಗೆ,

ನಿಮ್ಮ ಕಾಗದವನ್ನು ಮುನಿಯಲ್ಲಮ್ಮನೂ ಓದಿದಳು. ರಾಗಿಯ ಮಾತಿಗೆ ಅವಳಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಆ ರಾಗಿ ಕೂಲಿ, ಋಣವಲ್ಲ, ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ.

ಕಾಲುವೆ ಗುಡಿಯ ಪಕ್ಕ ಇರಲಿಲ್ಲ.

1996ರ ಮಾರ್ಚಿಯಲ್ಲಿ ಚಿಕ್ಕಹನುಮಯ್ಯ ಹೈಸ್ಕೂಲು ಮಂಜೂರು ಮಾಡಿಸಿಕೊಂಡು ಬಂದರು. ತಿಂಗಳ ಕೊನೆಯೊಳಗೆ ಜಾಗ ತೋರಿಸದಿದ್ದರೆ ಸ್ಕೂಲು ಬೇರೆ ಊರಿಗೆ ಹೋಗುತ್ತಿತ್ತು. ಹೊಲ ಬಿಡಲು ಯಾರೂ ತಯಾರಿಲ್ಲ. ಇದ್ದದ್ದು ಒಂದು ಸರ್ಕಾರಿ ಬಯಲು, ಅದರ ನಡುವೆ ಕಾಲುವೆ. ಮಹಜರು ಬರೆಯಲು ಬಂದವರು, "ಇಲ್ಲಿ ಕಾಲುವೆ ಉಂಟೇನ್ರಿ?" ಎಂದು ಕೇಳಿದರು. ಮಾರ್ಚಿಯಲ್ಲಿ ಕಾಲುವೆ ಎಂದರೆ ಒಂದು ತಗ್ಗು, ಅದರಲ್ಲಿ ತರಗು. ಚಿಕ್ಕಹನುಮಯ್ಯ ನನ್ನ ಕಡೆ ತಿರುಗಿ, "ನೀರುಗಂಟಿ ಇಲ್ಲೇ ಔನಲ್ಲ, ಅವನ್ನೇ ಕೇಳಿ. ಅವನು ಏಳಿದ್ದೇ ಮಾತು" ಎಂದರು. ಅವರು ನನ್ನನ್ನು ಹೆದರಿಸಲಿಲ್ಲ. ಅದನ್ನು ನೀವು ತಿಳಿದುಕೊಳ್ಳಬೇಕು.

ಮುನಿಯಲ್ಲಮ್ಮ ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದಳು. ಯಲಹಂಕದ ಸ್ಕೂಲಿಗೆ ನಡೆದು ಹೋಗಬೇಕು, ಕಳಿಸುವುದಿಲ್ಲ ಎಂದು ನಾನೇ ಹೇಳಿದ್ದೆ. ಅವಳು ಆ ಬಯಲಲ್ಲೇ ಸಗಣಿ ಆಯುತ್ತಿದ್ದಳು. ತಲೆ ಎತ್ತಿ ನೋಡಿದಳು. ನಾನು, "ಇಲ್ಲಿಲ್ಲ ಸ್ವಾಮಿ, ಗುಡಿ ಪಕ್ಕ" ಎಂದೆ. ಸಹಿ ಹಾಕಿದೆ.

ಹೇಳಿದ್ದನ್ನು ನಿಜ ಮಾಡಬೇಕಲ್ಲ. ಆ ಯುಗಾದಿ ಆದ ಸೋಮವಾರ ನಾನು ಬಯಲು ಬಿಟ್ಟು ಗುಡಿಯ ಪಕ್ಕ ನಡೆದೆ. ಹಿಂದೆ ನೂರಾ ಹತ್ತು ಜನ. ಎಲ್ಲರಿಗೂ ಹಳೆಯ ದಾರಿ ಗೊತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ನೀರುಗಂಟಿಯನ್ನು ದಾಟುವ ಹಾಗಿಲ್ಲವಲ್ಲ. ನಾನು ಕಾಲಿಟ್ಟ ಕಡೆ ಗುದ್ದಲಿ ಹಾಕಿದರು. ಆದ್ದರಿಂದ ನಿಮ್ಮ ಮಕ್ಕಳಿಗೆ ಹಿರಿಯರು ಸುಳ್ಳು ಹೇಳಲಿಲ್ಲ. ಊರಿನ ಕಟ್ಟಿನ ಪ್ರಕಾರ ನಾನು ನಡೆದದ್ದೇ ಕಾಲುವೆ. ನೀರು ಮಾತ್ರ ಆ ಕಟ್ಟು ಒಪ್ಪಲಿಲ್ಲ. ಗುಡಿಯ ಪಕ್ಕ ನೆಲ ಒಂದು ಮೊಳ ಎತ್ತರ. ಹೊಸ ಕಾಲುವೆಗೆ ನೀರು ಹತ್ತಲಿಲ್ಲ, ಕೆರೆಗೆ ಬರಲಿಲ್ಲ. ನಾಗಭೂಷಣ ಹೇಳಿದ ಮೇಕೆ ನಿಜ. ಅವನು ಮುಚ್ಚಿದ್ದು ನಾನು ತೋಡಿಸಿದ ಒಣ ಗುಂಡಿ. ಆಗ ಅವನು ಹುಡುಗ, ಅವನಿಗೆ ಗೊತ್ತಿಲ್ಲ.

ನಿಜವಾದ ಕಾಲುವೆ ನಿಮ್ಮ ಒಂಬತ್ತನೇ ತರಗತಿಯ ಕೆಳಗಿದೆ. ಹಲಗೆಯ ಮೂಲೆಯಿಂದ ಪಕ್ಕದ ಕೊಠಡಿಗೆ ಹೋಗುತ್ತದೆ. ಮುನಿಯಲ್ಲಮ್ಮನ ಕೆಂಪು ಪೆನ್ನಿನಲ್ಲಿ ಬೇರೆ ಹಾಳೆಯಲ್ಲಿ ಗೆರೆ ಎಳೆದು ಸಹಿ ಹಾಕಿದ್ದೇನೆ. ಮಕ್ಕಳ ಮುಂದೆ ಓದಬಹುದು. ಗೋಡೆಯ ಮೇಲಿನ ನನ್ನ ಹೆಸರು ಅಳಿಸಿರಿ.

ಮುನಿಯಲ್ಲಮ್ಮ ಆ ಸ್ಕೂಲಿನ ಮೊದಲ ತಂಡದಲ್ಲಿ ಪಾಸಾದಳು. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನಾನು ತೂಬಿನ ಮೇಲೆ ಕೂತು ಬತ್ತಿದ ಕೆರೆಯನ್ನು ನೋಡುತ್ತಾ ಹದಿನೈದು ವರ್ಷ ಕಳೆದೆ. ನನ್ನ ಜಾಗದಲ್ಲಿ ಅವರಿದ್ದರೆ ಏನು ಮಾಡುತ್ತಿದ್ದರು, ಮಕ್ಕಳನ್ನು ಕೇಳಿ.

ವೆಂಕಟೇಶಪ್ಪ


ಅತ್ತಿಪಾಳ್ಯ
14 ಸೆಪ್ಟೆಂಬರ್ 2025

ವೆಂಕಟೇಶಪ್ಪನವರಿಗೆ ನಮಸ್ಕಾರಗಳು.

ರಾಗಿಯ ಮಾತು ಬರೆದ ಕೈ ನನ್ನದು. ಕ್ಷಮೆ ಕೇಳಲು ಮಾತು ಸಾಲದು, ಮುನಿಯಲ್ಲಮ್ಮನವರಿಗೂ ಹೇಳಿ.

ನಿಮ್ಮ ಕಾಗದ ಬಂದ ಮೇಲೆ ಎರಡು ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಹರಿದು ಹಾಕುವ ಯೋಚನೆಯೂ ಬಂತು. ಸರ್ವೆಯವರ ಟೇಪು ತಪ್ಪಲಿ ಎಂದು ಹರಸಿಕೊಂಡೆ. ಪರಿಸರದ ಪಾಠ ಮಾಡುವವಳು ಕಾಲುವೆ ಸಿಗದಿರಲಿ ಎಂದು ಬೇಡಿಕೊಂಡಳು, ನೋಡಿ ನನ್ನ ಸ್ಥಿತಿ. ಕೊನೆಗೆ ಸೋಮವಾರ ತರಗತಿಯಲ್ಲಿ ಓದಿದೆ. ಜೋರಾಗಿ ಓದಲು ಆಗಲಿಲ್ಲ. ಹಿಂದಿನ ಬೆಂಚಿನವರು, "ಮಿಸ್, ಕೇಳಿಸ್ತಿಲ್ಲ" ಎಂದರು. ನನ್ನ ಜೀವನದಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಓದಿ ಮುಗಿಸಿ ತೇಜಸ್ವಿನಿಯ ಪುಸ್ತಕ ತರಿಸಿಕೊಂಡೆ. ಗುಳ್ಳೆಗಳನ್ನು ಅವಳು ಜುಲೈಯಿಂದ ದಿನಾಂಕ ಹಾಕಿ ಬರೆಯುತ್ತಲೇ ಇದ್ದಳು. "ನೀನು ಹೇಳಿದ್ದು ಸರಿ, ನಾನು ಗದರಿದ್ದು ತಪ್ಪು" ಎಂದು ಎಲ್ಲರ ಮುಂದೆ ಹೇಳಿದೆ. ಅವಳು, "ಪರ್ವಾಗಿಲ್ಲ ಮಿಸ್" ಎಂದು ಪುಸ್ತಕ ವಾಪಸು ತೆಗೆದುಕೊಂಡಳು. ಪರವಾಗಿದೆ ಎಂದು ಮುಖದಲ್ಲಿತ್ತು. ಮಕ್ಕಳು ಹೊಸ ನಕ್ಷೆ ಬರೆದರು. ನಿರಂಜನ್ ಸರ್ ನೋಡಿ, "ಇದನ್ನ ಶುಕ್ರವಾರ ತೋರಿಸಬೇಡಿ ಮೇಡಂ. ನಮ್ಮ ತಲೆ ಮೇಲೆ ನಾವೇ ಸೂರು ಕೆಡವಿಕೊಳ್ಳೋದು ಯಾವ ಸಿಲಬಸ್ಸು?" ಎಂದರು. ಮಕ್ಕಳು ತೋರಿಸಿದರು.

ಶುಕ್ರವಾರ ಮೂಲ ನಕ್ಷೆ ಬಿಚ್ಚಿದಾಗ ನಿಮ್ಮ ಕೆಂಪು ಗೆರೆಗೂ ಅದರ ಗೆರೆಗೂ ಒಂದಡಿಯೂ ವ್ಯತ್ಯಾಸವಿಲ್ಲ. ಸರ್ವೆಯವರು ನನ್ನ ಮೇಜು ಸರಿಸಿ ನೆಲದ ಮೇಲೆ ಸುಣ್ಣದ ಗೆರೆ ಹಾಕಿದರು. ಟೇಪಿನ ಇನ್ನೊಂದು ತುದಿ ಹಿಡಿದವಳು ತೇಜಸ್ವಿನಿ. ಎರಡು ಕೊಠಡಿ ಕಾಲುವೆಯ ಮೇಲಿವೆ, ನಾಲ್ಕು ಹೊರಗಿವೆ. ಎರಡನ್ನು ಖಾಲಿ ಮಾಡಿ ಎಂದು ಪತ್ರ ಬರುತ್ತದಂತೆ. ಆ ಎಂಬತ್ತು ಮಕ್ಕಳು ಎಲ್ಲಿ ಕೂರಬೇಕು ಎಂದು ಕೇಳಿದೆ. "ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ" ಎಂದರು. ಯಾರ ವಿಭಾಗಕ್ಕೆ ಬರುತ್ತದೆ ಎಂದರೆ ಅದೂ ಅವರ ವಿಭಾಗಕ್ಕೆ ಬರುವುದಿಲ್ಲ. ಯಲಹಂಕಕ್ಕೆ ಸೇರಿಸುವ ಮಾತು ಮತ್ತೆ ಎದ್ದಿದೆ. ಆಗಲೇ ಇಬ್ಬರು ತಾಯಂದಿರು ಟಿಸಿ ಕೇಳಿಕೊಂಡು ಬಂದಿದ್ದರು. ಗಂಡು ಮಕ್ಕಳದಲ್ಲ.

ನಾಗಭೂಷಣ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಹೋಗುವಾಗ, "ಮೇಡಮ್ನೋರೇ, ಹೊಟ್ಟೆಗೆ ದಿಂಬು ಕಟ್ಕೊಳ್ಳೋ ಪಾರ್ಟು ಈ ಸಲ ಯಾರು ಮಾಡ್ತೀರಾ?" ಎಂದರು. ಕ್ಷಮಿಸಿ ಎಂದೆ. "ನಂಗಲ್ಲ, ಮೋನಿಕಾಗೆ ಹೇಳಿ. ಒಂದು ತಿಂಗಳಿಂದ ಸ್ಕೂಲಿಗೆ ಬಂದಿಲ್ಲ, ನೀವು ಹಾಜರಿ ನೋಡೇ ಇಲ್ವಾ?" ಎಂದರು. ಎಂಟನೇ ತರಗತಿಯ ಹಾಜರಿ ನನ್ನದಲ್ಲ. ಆದರೆ ನೋಡಬೇಕಿತ್ತು. ನಾಳೆ ಅವರ ಮನೆಗೆ ಹೋಗುತ್ತೇನೆ.

ನಿನ್ನೆ ಶನಿವಾರ, ಅರ್ಧ ದಿನ. ಸುಣ್ಣದ ಗೆರೆಯ ಆಚೆ ಈಚೆ ಬೆಂಚು ಸರಿಸಿಕೊಂಡು ಕೂತಿದ್ದೆವು. ನಿಮ್ಮ ಪ್ರಶ್ನೆಯನ್ನು ಕೇಳಿದೆ. "ಆ ದಿನ ಆ ಬಯಲಲ್ಲಿ ನೀವೇ ನೀರುಗಂಟಿಯಾಗಿದ್ದರೆ, ಕಾಲುವೆ ಇಲ್ಲ ಎಂದು ಸಹಿ ಹಾಕುತ್ತಿದ್ದವರು ಕೈ ಎತ್ತಿ" ಎಂದೆ. ಎತ್ತಿದವಳು ಒಬ್ಬಳೇ, ತೇಜಸ್ವಿನಿ.

"ನೀನಾ?" ಎಂದೆ. "ಇಷ್ಟೆಲ್ಲ ಕಂಡುಹಿಡಿದವಳು ನೀನು."

"ಸ್ಕೂಲ್ ಇಲ್ದಿದ್ರೆ ಮನೇಲಿರ್ತಿದ್ದೆ ಮಿಸ್. ಗುಳ್ಳೆ ಯಾರು ನೋಡ್ತಿದ್ರು? ಸಹಿ ಹಾಕ್ತಿದ್ದೆ" ಎಂದಳು. ಹುಡುಗರು ಗುಸುಗುಸು ಎಂದರು. ಅವಳು ಕೈ ಇಳಿಸಲಿಲ್ಲ. "ಆದ್ರೆ ಗೋಡೆ ಎದ್ದ ಮಾರನೇ ದಿನವೇ ಹೇಳ್ಬಿಡ್ತಿದ್ದೆ. ಆಗಲೇ ಕೆಳಗೊಂದು ಮೋರಿ ಹಾಕಿದ್ರೆ ಸ್ಕೂಲೂ ಇರ್ತಿತ್ತು, ಕೆರೆನೂ ಇರ್ತಿತ್ತು. ತಾತ ಇಪ್ಪತ್ತೊಂಬತ್ತು ವರ್ಷ ಯಾಕೆ ಸುಮ್ನಿದ್ರು?"

ನನ್ನನ್ನು ಕೇಳಿದ್ದಲ್ಲ ಅದು. ನಿಮ್ಮ ವಿಳಾಸವನ್ನು ಹಲಗೆಯ ಮೇಲೆ ಬರೆದೆ. ಅವಳು ಇಳಿಸಿಕೊಂಡಿದ್ದಾಳೆ.

ದಾಕ್ಷಾಯಣಿ